ಗಲಿಬಿ ಎಂದು ಬರೆದ ಚೀಟಿ

೨೦೧೬ರ ಮಾರ್ಚ್ ಐದು, ಶನಿವಾರ, ಬೆಳಗ್ಗೆ ಒಂಬತ್ತೂವರೆ. ಸ್ಥಳ, ಶೆಫೀಲ್ಡಿನ ನಮ್ಮ ಬಡಾವಣೆಯ ಲೈಬ್ರರಿ. ಹಾಜರಿದ್ದವರು ನಾನು, ಇಲ್ಲಿ ಗೆಳತಿಯಾದ ಹುಬ್ಬಳ್ಳಿಯ ಮೆಹರುನ್ನೀಸಾ ಮತ್ತು ಜೋಸೆಫೀನ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ನಿವೃತ್ತಳಾದ ನನಗೆ ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ. ಸೊಸೆಯ ಅಡುಗೆಮನೆಗೆ ಕಾಲಿಟ್ಟ ವಾರದಲ್ಲೇ ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿದ್ದೆ. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಅವಳು, ‘ಅತ್ತೆ, ಉಪ್ಪು ನೋಡಿದ್ರೇ ಗೊತ್ತಾಗತ್ತಲ್ವಾ’ ಎಂದಳು. ಸಕ್ಕರೆಯೂ ನೋಡಲು ಹಾಗೇ ಇರುತ್ತದೆ ಎಂದು ಬಾಯಿ ಮುಚ್ಚಿಸಿದೆ. ಚೀಟಿಯ ಮೇಲೆ ನನಗಿರುವ ನಂಬಿಕೆ ಡಬ್ಬಿಯೊಳಗಿನ ಪದಾರ್ಥದ ಮೇಲೂ ಇಲ್ಲ. ಆ ಶನಿವಾರ ನನ್ನನ್ನು ಕೆಡವಿದ್ದೂ ಅದೇ.

ಅಂದು ಲೈಬ್ರರಿಯಲ್ಲಿ ಭಾಷೆಗಳ ಮೇಳ. ಒಬ್ಬೊಬ್ಬರಿಗೆ ಒಂದು ಮೇಜು, ಮೇಜಿಗೊಂದು ತಿಂಡಿ, ಭಾಷೆಯ ಹೆಸರು ಬರೆದ ಚೀಟಿ. ಚೀಟಿಯ ಜವಾಬ್ದಾರಿ ಬೇರೆ ಯಾರಿಗೆ ಕೊಟ್ಟಾರು? ಜೋಸೆಫೀನ್ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದವಳು, ಇಲ್ಲಿಯವನನ್ನು ಮದುವೆಯಾಗಿ ಬಂದು ನರ್ಸ್ ಆಗಿದ್ದು ನಿವೃತ್ತಳಾದವಳು. ನಿಮ್ಮ ಭಾಷೆ ಯಾವುದು ಎಂದು ಹಿಂದಿನ ವಾರ ಕೇಳಿದಾಗ ‘ಕಲಿನಾ’ ಎಂದಿದ್ದಳು. ಲೈಬ್ರರಿಯ ಹಳೆಯ, ದಪ್ಪ ಸಂಪುಟಗಳ ಇಂಗ್ಲಿಷ್ ವಿಶ್ವಕೋಶದಲ್ಲಿ ಆ ಹೆಸರು ಸಿಗಲಿಲ್ಲ. ಅವಳ ಗಯಾನಾ ಕರಾವಳಿಯ ಜನ ಮತ್ತು ಭಾಷೆ ಎಂದು ಗಲಿಬಿ ಸಿಕ್ಕಿತು. ಪಾಪ, ಮನೆಮಾತಿನಲ್ಲಿ ಏನೋ ಅನ್ನುತ್ತಾರೆ, ಅಚ್ಚಾದದ್ದೇ ಸರಿ ಎಂದುಕೊಂಡು ದುಂಡು ಅಕ್ಷರದಲ್ಲಿ ‘ಗಲಿಬಿ’ ಎಂದು ಬರೆದೆ.

ಜೋಸೆಫೀನ್ ಚೀಟಿ ನೋಡಿದಳು. ಬಿಚ್ಚುತ್ತಿದ್ದ ಮರಗೆಣಸಿನ ರೊಟ್ಟಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಗಲಿಬಿ ಎಂದು ಕೂಗಿದರೆ ನಮ್ಮಜ್ಜಿ ಯಾರು ಬಂದರೆಂದು ಹಿಂದೆ ತಿರುಗಿ ನೋಡುತ್ತಿದ್ದಳು, ಅದು ಹೊರಗಿನಿಂದ ಬಂದವರು ಬಳಸಿ ಬಳಸಿ ಪುಸ್ತಕಕ್ಕೆ ಹತ್ತಿಸಿದ ಹೆಸರು, ನಾವು ನಮ್ಮನ್ನೂ ನಮ್ಮ ಮಾತನ್ನೂ ಕಲಿನಾ ಎನ್ನುತ್ತೇವೆ ಎಂದು ಸಮಾಧಾನವಾಗಿಯೇ ಹೇಳಿದಳು. ಆಮೇಲೆ ಕೋಟು ತೊಡುತ್ತಾ, ‘ಈ ಊರಿನಲ್ಲಿ ಮೂವತ್ತು ವರ್ಷಕ್ಕೆ ನೀನೊಬ್ಬಳು ಕೇಳಿದೆ. ಕೇಳಿದವಳು ನನ್ನ ಬಿಟ್ಟು ಪುಸ್ತಕದ ಮಾತು ನಂಬಿದೆ’ ಎಂದಳು.

ಬಾಗಿಲು ತೆರೆಯಲು ಅರ್ಧ ಗಂಟೆಯಿತ್ತು. ನಾನು ಆಗಲೂ ವಿಶ್ವಕೋಶವೆಂದರೆ ಆಧಾರ, ಆಧಾರವಿಲ್ಲದೆ ತಿದ್ದುವುದು ನನ್ನ ಪದ್ಧತಿಯಲ್ಲ ಎಂದು ಪಾಠ ಶುರು ಮಾಡಿದ್ದೆ. ಮೆಹರುನ್ನೀಸಾ ಸದ್ದಿಲ್ಲದೆ ಅದೇ ವಿಶ್ವಕೋಶದ ‘ಸಿ’ ಸಂಪುಟ ತಂದು ಒಂದು ಪುಟ ತೆರೆದಳು. ಅಲ್ಲಿ ನಮ್ಮ ಭಾಷೆಗೆ ‘ಕ್ಯಾನರೀಸ್’ ಎಂದು ಶೀರ್ಷಿಕೆ. ಅಂಚಿನಲ್ಲಿ ಪೆನ್ಸಿಲಿನ ದುಂಡು ಅಕ್ಷರ: ‘ತಪ್ಪು. ಇದರ ಹೆಸರು ಕನ್ನಡ.’ ಕೆಳಗೆ ತಾರೀಖು.

‘ಅಕ್ಕಾರ, ಇದು ಯಾರ ಅಕ್ಷರರೀ?’ ಎಂದಳು. ‘ನಿಮಗೊಂದು ನ್ಯಾಯ, ಆಕಿಗೊಂದು ನ್ಯಾಯ ಏನ್ರಿ?’

ಲೈಬ್ರರಿ ಪುಸ್ತಕದಲ್ಲಿ ಗೀಚಿದ ಹುಡುಗಿಯರನ್ನು ಪುಟಕ್ಕೆ ಐದು ನಿಮಿಷದ ಲೆಕ್ಕದಲ್ಲಿ ತರಗತಿಯ ಹೊರಗೆ ನಿಲ್ಲಿಸುತ್ತಿದ್ದ ಕಥೆಯನ್ನು ಇವಳಿಗೆ ನಾನೇ ಹೆಮ್ಮೆಯಿಂದ ಹೇಳಿದ್ದೆ. ಅಕ್ಷರ ನನ್ನದೇ. ಹೊಸ ಚೀಟಿ ತೆಗೆದು ‘ಕಲಿನಾ’ ಎಂದು ದೊಡ್ಡದಾಗಿ ಬರೆದು, ಹಳೆಯದನ್ನು ಹರಿಯಲು ಹೋದೆ. ಜೋಸೆಫೀನಳೇ ತಡೆದಳು. ಹಳೆಯ ಪುಸ್ತಕಗಳಲ್ಲಿ ನಮ್ಮನ್ನು ಹುಡುಕುವವರು ಆ ಹೆಸರಿನ ಕೆಳಗೇ ಹುಡುಕಬೇಕು, ಅವರು ದಾರಿ ತಪ್ಪಬಾರದು ಎಂದಳು. ಹಾಗಾಗಿ ಹೊಸ ಚೀಟಿಯ ಕೆಳಗೆ ಚಿಕ್ಕದಾಗಿ ‘ಪುಸ್ತಕಗಳಲ್ಲಿ ಗಲಿಬಿ’ ಎಂದು ಸೇರಿಸಿದೆ. ಅವಳು ಕೋಟು ಕಳಚಿದಳು, ರೊಟ್ಟಿಯ ಗಂಟು ಬಿಚ್ಚಿದಳು.

ಆಮೇಲೆ ನಡೆದದ್ದು ದಿಗ್ವಿಜಯ. ಕಲಿನಾ ಮೇಜಿನ ಮುಂದೆ ಸಾಲು ಬಾಗಿಲು ಮುಟ್ಟಿತು. ಅವಳು ಹೇಳಿಕೊಟ್ಟ ನಮಸ್ಕಾರವನ್ನು ಮಕ್ಕಳು ಲೈಬ್ರರಿ ತುಂಬ ಹೇಳಿಕೊಂಡು ಓಡಾಡಿದರು. ಹನ್ನೊಂದೂವರೆಗೆ ರೊಟ್ಟಿ ಖಾಲಿ. ನನ್ನ ಚಿತ್ರಾನ್ನ ಅರ್ಧಕ್ಕರ್ಧ ಉಳಿದಿತ್ತು. ಬಂದವರಿಗೆಲ್ಲ ಎರಡು ಹೆಸರುಗಳ ಕಥೆಯನ್ನು ನಾನೇ ಕಂಡುಹಿಡಿದಂತೆ ವಿವರಿಸಿದೆ. ಗೆದ್ದವಳು ಜೋಸೆಫೀನ್, ಬೀಗಿದವಳು ನಾನು.

ಮಧ್ಯಾಹ್ನ ಒಂದಕ್ಕೆ ಮೇಜು ಒರೆಸಿ, ಚೀಟಿಗಳನ್ನು ಲಕೋಟೆಗೆ ಹಾಕಿ, ಪೆನ್ಸಿಲ್ ಚೂಪು ಮಾಡಿದೆ. ‘ಜಿ’ ಸಂಪುಟದಲ್ಲಿ ಗಲಿಬಿಯ ಪಕ್ಕ, ಜೋಸೆಫೀನ್ ಹೇಳುತ್ತ ಹೋದಂತೆ ಬರೆದೆ: ‘ಇವರು ತಮ್ಮನ್ನು ಕಲಿನಾ ಎಂದು ಕರೆದುಕೊಳ್ಳುತ್ತಾರೆ.’ ತಾರೀಖು ಹಾಕಿದೆ. ನಂತರ ಯಾರೂ ಹೇಳದೆ ಹೊರಗೆ ಹೋಗಿ, ಕೊರೆಯುವ ಗಾಳಿಯಲ್ಲಿ ಬಾಗಿಲ ಪಕ್ಕ ನೆಟ್ಟಗೆ ನಿಂತೆ. ಐದು ನಿಮಿಷವಾದ ಮೇಲೆ ಒಳಗೆ ಹೊರಟರೆ ಮೆಹರುನ್ನೀಸಾ ಗಡಿಯಾರ ನೋಡಿ, ‘ಎರಡು ಪುಟ ಅಲ್ರೀ, ಅಕ್ಕಾರ’ ಎಂದಳು.

ಇನ್ನೈದು ನಿಮಿಷ ನಿಂತೆ. ಒಂದು ಗಂಟೆ ಇಪ್ಪತ್ತೆರಡಕ್ಕೆ ಮುಗಿಯಿತು.