ನಲವತ್ತೆಂಟನೆಯ ಕರಪತ್ರ

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ ನಲವತ್ತೆಂಟು ಕರಪತ್ರಗಳಿದ್ದವು. ಒಂಬತ್ತೂ ಕಾಲಿಗೆ ಗುಮಾಸ್ತ ಚಹಾ ಕಾಯಿಸಲು ಒಳಗೆ ಹೋದ. ಒಂಬತ್ತೂವರೆಗೆ ಲೋಟ ಹಿಡಿದು ಹೊರಬಂದು ಎಣಿಸಿದಾಗ ನಲವತ್ತೇಳು. ಕೆಳಗಿನಿಂದ ಮೇಲಕ್ಕೆ ಎಣಿಸಿದ, ಆಗಲೂ ನಲವತ್ತೇಳು. ಗಾಳಿ ಇರಲಿಲ್ಲ. ಕಾಗದ ತಿನ್ನುವ ಮೇಕೆಯೂ ಬೀದಿಯಲ್ಲಿರಲಿಲ್ಲ. ಆದ್ದರಿಂದ, ಒಬ್ಬ ಮನುಷ್ಯ ಬಂದಿದ್ದ.

‘ಹಳೆಯ ಪಟ್ಟಣ: ನೀವೇ ನಡೆದು ನೋಡಿ’ ಎಂಬ ಆ ಕರಪತ್ರದ ಪ್ರತಿ ಸಾಲನ್ನೂ ಗುಮಾಸ್ತನೇ ಬರೆದಿದ್ದ. ಒಂಬತ್ತು ತಾಣಗಳು, ತಾಣಕ್ಕೊಂದು ದಾರ ಕಟ್ಟಿದ ರಬ್ಬರ್ ಮುದ್ರೆ, ಪಕ್ಕದಲ್ಲಿ ಶಾಯಿ. ನಡೆದವರು ತಾವೇ ಒತ್ತಿಕೊಳ್ಳಬೇಕು. ಮಾಹಿತಿ ಕೇಂದ್ರ ತೆರೆದ ಮೂರು ತಿಂಗಳಲ್ಲಿ ಒಳಗೆ ಬಂದವರು ಇಬ್ಬರು: ಒಬ್ಬರು ಬಸ್ ನಿಲ್ದಾಣ ಕೇಳಿದ್ದರು, ಇನ್ನೊಬ್ಬರು ಶೌಚಾಲಯ. ಮೊದಲ ಪ್ರವಾಸಿಗೆಂದು ಸಿದ್ಧಪಡಿಸಿದ್ದ ನಾಲ್ಕು ನಿಮಿಷದ ಸ್ವಾಗತ ಭಾಷಣವನ್ನು ಈವರೆಗೆ ಕೇಳಿದ್ದು ಅವನ ಬಾಡಿಗೆ ಕೋಣೆಯ ಕನ್ನಡಿಯೊಂದೇ.

ಮೇಲಿನ ಕಚೇರಿಯ ಪತ್ರ ಸ್ಪಷ್ಟವಾಗಿತ್ತು. ಈ ದಿನ ಮಧ್ಯಾಹ್ನ ಹನ್ನೆರಡರೊಳಗೆ, ಇಲಾಖೆಗೆ ಸೇರದ ಒಬ್ಬರಾದರೂ ನಡೆದು ಸಹಿ ಹಾಕಿರದಿದ್ದರೆ ಕೇಂದ್ರಕ್ಕೆ ಬೀಗ. ಗುಮಾಸ್ತನಿಗೆ ಮೇಲಿನ ಕಚೇರಿಯ ನೆಲಮಾಳಿಗೆ, ಮಾತಿಗೆ ಇಲಿಯೂ ಸಿಗದ ದಾಖಲೆ ಕೋಣೆ.

ಸಹಿ ಪುಸ್ತಕವನ್ನು ಚೀಲಕ್ಕೆ ಹಾಕಿ, ತಾನೂ ಒಂದು ಕರಪತ್ರ ಹಿಡಿದು ಹೊರಟ. ಮೊದಲ ತಾಣವಾದ ಕೋಟೆ ಬಾಗಿಲಿನ ಮುದ್ರೆಯನ್ನು ಶಾಯಿಗೆ ತಾಗಿಸದೆ ಕರಪತ್ರಕ್ಕೆ ಒತ್ತಿದ. ಗುರುತು ಮೂಡಿತು. ಯಾರೋ ಈಗಷ್ಟೇ ಬಳಸಿದ್ದಾರೆ. ಅವನು ದಾಪುಗಾಲು ಹಾಕಿದ.

ಮೂರನೆಯ ತಾಣದ ಎದುರಿನ ಕ್ಷೌರಿಕ ಕತ್ತರಿ ಸಮೇತ ಹೊರಬಂದ. “ಇದೇ ಕಾಗದ ಹಿಡ್ಕೊಂಡ್ ಒಬ್ರು ಈಗ್ ತಾನೆ ಹೋದ್ರು ಸಾರ್. ನಿಮ್ ಥರಾನೇ ಒಂಟಿ. ಕೂತ್ಕೊಳ್ಳಿ, ಗಡ್ಡ ತೆಗ್ದು ಕಳಿಸ್ತೀನಿ. ಮೊದಲ ಸಲ ನೋಡೋರಿಗೆ ಈ ಮುಖ ತೋರಿಸ್ತೀರಾ?”

“ಬೇಡಪ್ಪ, ಹನ್ನೆರಡರೊಳಗೆ ಹಿಡೀಬೇಕು.”

“ಓಹೋ, ತಕರಾರಾ?”

“ಇಲ್ಲ. ಸ್ವಾಗತ.”

ಐದನೆಯ ತಾಣದ ಬಳಿ ಬಟ್ಟೆ ಹೊಲಿಯುವ ಹೆಂಗಸು ಯಂತ್ರ ನಿಲ್ಲಿಸದೆಯೇ ಹೇಳಿದಳು: “ದಾರಿಯಲ್ಲೇ ಹೋದ್ರೆ ಸಿಗಲ್ಲ ಅಣ್ಣ. ಈ ಹಿತ್ತಲಲ್ಲಿ ನುಗ್ಗಿ.”

“ಕರಪತ್ರದಲ್ಲಿ ಈ ದಾರಿ ಇಲ್ಲ.”

“ಅದನ್ನ ಬರ್ದೋನಿಗೆ ಊರು ಗೊತ್ತಿಲ್ಲ ಬಿಡಿ.”

ಗುಮಾಸ್ತ ನುಂಗಿಕೊಂಡು ನುಗ್ಗಿದ. ಹಿತ್ತಲಲ್ಲೊಂದು ನಾಯಿ, ನಾಯಿಯಾಚೆ ಒಗೆದ ಬಟ್ಟೆಗಳ ಸಾಲು. ಒದ್ದೆ ಹೊದಿಕೆಯೊಂದು ಮುಖಕ್ಕೆ ಬಡಿದು, ಮೈಗೆ ಸುತ್ತಿಕೊಂಡು, ಅವನ ಜೊತೆಗೇ ಬಂದಿತು. ಹಿಂದೆ ಅಜ್ಜಿಯೊಬ್ಬಳು ಕೂಗಿದ್ದು ಕೇಳಿಸಿತು. ನಾಯಿ ಇನ್ನೂ ಹತ್ತಿರದಲ್ಲಿ ಕೇಳಿಸಿತು.

ಎಂಟನೆಯ ತಾಣದ ಮುದ್ರೆ ಒಣಗಿತ್ತು. ಅಂದರೆ ಪ್ರವಾಸಿ ಈಗ ಹಿಂದೆ ಉಳಿದಿದ್ದಾರೆ. ಅವನು ಕೊನೆಯ ತಾಣವಾದ ಗಡಿಯಾರ ಗೋಪುರದ ಮೆಟ್ಟಿಲ ಮೇಲೆ ಕುಳಿತು, ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿಟ್ಟು, ಕಾದ.

ಹನ್ನೊಂದು ನಲವತ್ತಕ್ಕೆ ಟೋಪಿ ಹಾಕಿದ ಹಿರಿಯರೊಬ್ಬರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ನಲವತ್ತೆಂಟನೆಯ ಕರಪತ್ರ. ಗುಮಾಸ್ತ ಎದ್ದು ನಿಂತು ಭಾಷಣ ಆರಂಭಿಸಿದ. ಹಿರಿಯರು ಟೋಪಿ ತೆಗೆದು ನಾಲ್ಕು ನಿಮಿಷವೂ ಕೇಳಿದರು.

“ಚೆನ್ನಾಗ್ ಮಾತಾಡ್ತೀರಿ. ಮುಂದೆ ನಡೆದವರು ಹಿಂದೆ ಬಂದವರನ್ನ ಸ್ವಾಗತಿಸೋದು ಇಲ್ಲೇ ನೋಡಿದ್ದು,” ಎಂದರು. “ಹೊದಿಕೆ ಹುಡುಕ್ಕೊಂಡ್ ಬಂದ ಆ ಅಜ್ಜಿ ಹೇಳಿದಾಗಿಂದ ನಿಮ್ಮ ಹಿಂದೇನೇ ಓಡ್ತಿದೀನಿ. ಇದೇ ಕಾಗದ ಹಿಡ್ದು ಇನ್ನೊಬ್ಬ ಹೋದ ಅಂದ್ಳು. ಎಷ್ಟು ಖುಷಿ ಆಯ್ತು ಗೊತ್ತಾ?”

ಇಬ್ಬರೂ ಏಕಕಾಲಕ್ಕೆ ಚೀಲಕ್ಕೆ ಕೈ ಹಾಕಿ ಒಂದೊಂದು ಪುಸ್ತಕ ಮುಂದೆ ಹಿಡಿದರು.

“ಇಲ್ಲೊಂದು ಸಹಿ ಹಾಕಿ ಸಾರ್.”

“ಇಲ್ಲೊಂದು ಸಹಿ ಹಾಕಪ್ಪ.”

ಎರಡಕ್ಕೂ ನೀಲಿ ರಟ್ಟು. ಎರಡರ ಮೇಲೂ ಒಂದೇ ಇಲಾಖೆಯ ಹೆಸರು.

“ನೀವು…?” ಎಂದ ಗುಮಾಸ್ತ.

“ಮೇಲಿನ ಕಚೇರಿ, ತಪಾಸಣೆ. ಈ ತಿಂಗಳು ನಾಲ್ಕು ಊರು ಒಬ್ಬನೇ ನಡೆದೆ. ಒಂದು ನರಪಿಳ್ಳೇನೂ ಸಿಗಲಿಲ್ಲ. ಇವತ್ತು ನೀವು ಸಿಕ್ಕಿದ್ರಿ. ನೀವು ಯಾವೂರಿಂದ?”

“ಈ ಕರಪತ್ರ ಬರ್ದೋನು ನಾನೇ ಸಾರ್.”

ಹಿರಿಯರು ಮೆಲ್ಲನೆ ಪಕ್ಕದಲ್ಲಿ ಕುಳಿತರು. ಇಬ್ಬರೂ ಖಾಲಿ ಬೀದಿಯನ್ನೇ ನೋಡುತ್ತ ಕಾದರು. ತಲೆಯ ಮೇಲೆ ಗಡಿಯಾರ ಹನ್ನೆರಡು ಹೊಡೆಯಿತು. ಕೊನೆಯ ಬಡಿತ ನಿಂತ ಮೇಲೆ ಹಿರಿಯರು ತಮ್ಮ ಪುಸ್ತಕ ತೆರೆದು ಬರೆದರು:

ಪೂರ್ತಿ ನಡೆದ ಸಾರ್ವಜನಿಕರ ಸಂಖ್ಯೆ: ಸೊನ್ನೆ.