ಅರವತ್ತೆರಡು ಸಹಿಯ ಅರ್ಜಿ

“ಗೆದ್ದಮ್ಯಾಲೂ ಮಾರಿ ಯಾಕ ಹಿಂಗ ಮಾಡೀರಿ ಮಾಸ್ತರ್ರ? ಗೋಲು ನಮಗ ಬಿದ್ದಂಗ ಕುಂತೀರಲ್ಲ,” ಎಂದರು ಬೆಲ್ಲದ ಅಂಗಡಿಯ ಸಿದ್ರಾಮಪ್ಪ.

ವಿಜಯಕುಮಾರ ಮಾಸ್ತರ ಮಹಾರಾಷ್ಟ್ರದ ಮಿರಜಿನ ಪಾಲಿಕೆ ಮೈದಾನದ ಅಂಚಿನಲ್ಲಿ ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಎದುರಿಗೆ ಅವನ ಹನ್ನೊಂದು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕೆಸರಲ್ಲಿ ಕುಣಿಯುತ್ತಿದ್ದರು. ಯಾರು ಯಾರೆಂದು ಗುರುತು ಹತ್ತುವಂತಿರಲಿಲ್ಲ. ಹಲ್ಲು ಮಾತ್ರ ಕಾಣುತ್ತಿದ್ದವು.

ಹುಡುಗಿಯರು ಕುಣಿಯುವುದಕ್ಕೆ ಕಾರಣವಿತ್ತು. ವಿಜಯಕುಮಾರ ಪಾಲಿಕೆಯ ಕನ್ನಡ ಸಾಲಿಯ ಪಿ.ಟಿ. ಮಾಸ್ತರನಾಗಿ ಎಂಟು ವರ್ಷ. ಎಂಟೂ ವರ್ಷ ಹುಡುಗಿಯರ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ವಿಶ್ರಾಮಬಾಗದ ಅದೇ ಖಾಸಗಿ ಇಂಗ್ಲಿಷ್ ಶಾಲೆ ಎದುರಾಗುತ್ತಿತ್ತು. ಅವರಿಗೆ ಹಸಿರು ಟರ್ಫ್ ಮೈದಾನ, ಎ.ಸಿ. ಬಸ್ಸು, ಒಬ್ಬೊಬ್ಬಳಿಗೆ ಎರಡೆರಡು ಬಾಲು. ಇವರಿಗೆ ಹನ್ನೊಂದು ಜನಕ್ಕೆ ಒಂದು ಬಾಲು, ಆರು ಜೊತೆ ಬೂಟು. ಹಿಂದೆ ನಿಲ್ಲುವವರು ಬರಿಗಾಲಲ್ಲೇ ನಿಲ್ಲಬೇಕು. ಹೋದ ವರ್ಷ ಒಂಬತ್ತು ಗೋಲು ತಿಂದಿದ್ದರು.

ಈ ಸಲ ನಿನ್ನೆಯೆಲ್ಲ ಮಳೆ. ಮೈದಾನ ಕಲಸಿದ ಮೆಂತ್ಯದ ಹಿಟ್ಟಿನಂತಾಗಿತ್ತು. ಟರ್ಫ್ ಮೇಲೆ ಜಿಂಕೆಯಂತೆ ಓಡುವ ಆ ಹುಡುಗಿಯರು ಇಲ್ಲಿ ಸಾಬೂನಿನ ಮೇಲೆ ಕಾಲಿಟ್ಟವರಂತೆ ಜಾರಿದರು. ಇವರು ಒದ್ದ ಒಂದು ಬಾಲು ಯಾರದೋ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಮುಂದಿನದನ್ನೆಲ್ಲ ಗೋಲ್‌ಕೀಪರ್ ಶೀತಲ ನೋಡಿಕೊಂಡಳು. ಲಿಂಗನೂರಿನ ಕುರಿಗಾರ ಜ್ಯೋತೆಪ್ಪನ ಮಗಳು. ದಿನಾ ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ನುಗ್ಗುವ ಟಗರುಗಳನ್ನು ತಡೆದವಳಿಗೆ ಬಾಲು ಯಾವ ಲೆಕ್ಕ. ಒಂದು-ಸೊನ್ನೆ.

ಜ್ಯೋತೆಪ್ಪ ಮಾತ್ರ ಹೋದ ವಾರವೇ ಸಾಲಿಗೆ ಬಂದು ಹೇಳಿ ಹೋಗಿದ್ದ. “ಮಾಸ್ತರ, ಮೂರು ವರ್ಷ ಆತು ಸೋಲ್ತಾಳ ಬರ್ತಾಳ. ಈ ಸಲ ಫೈನಲ್ ಆಡಿದ್ರ ಆಡ್ಲಿ, ನಾನೂ ಬಂದು ನೋಡ್ತೇನಿ. ಇಲ್ಲಾಂದ್ರ ಆಟ ಸಾಕು. ಸೋಮವಾರದಿಂದ ಸಂಜಿಮುಂದ ಕುರಿ ಕಡೆ ಬರ್ಲಿ.”

ಹೀಗಾಗಿ ಗೆದ್ದದ್ದು ಸಣ್ಣ ಮಾತಲ್ಲ. ಆದರೆ ಸೀಟಿ ಊದಿದ ಮರುಕ್ಷಣವೇ ವಿಜಯಕುಮಾರನಿಗೆ ಅರ್ಜಿ ನೆನಪಾಗಿತ್ತು.

ಹದಿನೈದು ದಿನದ ಹಿಂದೆ ಅವನೇ ಸಾಂಗಲಿಯ ಜಿಲ್ಲಾ ಕ್ರೀಡಾ ಕಚೇರಿಗೆ ಅರ್ಜಿ ಬರೆದಿದ್ದ. ಇನ್ನೊಂದು ಸಲ ಒಂಬತ್ತು ಗೋಲು ತಿನ್ನುವ ಧೈರ್ಯ ಇರಲಿಲ್ಲ. ‘ಖಾಸಗಿ ಶಾಲೆಯ ತಂಡವನ್ನು ಸರಕಾರಿ ಶಾಲೆಯ ತಂಡದೊಡನೆ ಆಡಿಸುವುದು ಘೋರ ಅನ್ಯಾಯ. ಇಬ್ಬರಿಗೂ ಬೇರೆ ಬೇರೆ ಗುಂಪು ಮಾಡಬೇಕು. ಈ ವರ್ಷ ಇಬ್ಬರ ನಡುವೆ ಪಂದ್ಯ ನಡೆದುಬಿಟ್ಟರೆ ಅದರ ಫಲಿತಾಂಶ ರದ್ದುಮಾಡಬೇಕು’ ಎಂದು ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ.

ಅದನ್ನು ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದವರು ಸಿದ್ರಾಮಪ್ಪ. ಮಿರಜ ಪೇಟೆಯಲ್ಲಿ ನಾಲ್ಕು ತಲೆಮಾರಿನಿಂದ ಬೆಲ್ಲದ ಅಂಗಡಿ. ಸಾಲಿಯ ಗೋಡೆಗೆ ಅಂಗಡಿಯ ಗೋಡೆ ಹತ್ತಿಕೊಂಡಿದ್ದರಿಂದ ಸಾಲಿಯ ಸಮಸ್ತ ಕಾರಭಾರ ತಮ್ಮದೆಂದೇ ತಿಳಿದಿದ್ದರು. “ನಮ್ಮ ಸಾಲಿ ಕನ್ನಡ ಸಾಲಿ, ಅರ್ಜಿ ಕನ್ನಡದಾಗ ಹೋಗ್ಲಿ. ಓದೂದು ಅವರ ಹಣೇಬರಹ,” ಎಂದಿದ್ದರು. ಚಷ್ಮಾ ಏರಿಸಿಕೊಂಡು ಕಾಲು ತಾಸು ಅರ್ಜಿಯನ್ನು ದಿಟ್ಟಿಸಿದ್ದರು. ಕಣ್ಣು ಸಾಲಿನಿಂದ ಸಾಲಿಗೆ ಸರಿಯದೆ ಒಂದೇ ಕಡೆ ನಿಂತದ್ದನ್ನು ವಿಜಯಕುಮಾರ ಏಕಾಗ್ರತೆ ಎಂದುಕೊಂಡಿದ್ದ. ಕೊನೆಗೆ “ಭಾಷಾ ಅಂದ್ರ ಹಿಂಗಿರಬೇಕು” ಎಂದು ಮೊದಲ ಸಹಿ ಹಾಕಿ, ಪೇಟೆಯೆಲ್ಲ ತಿರುಗಿ ಇನ್ನೂ ಅರವತ್ತೊಂದು ಸಹಿ ತಂದಿದ್ದರು. ಎಲ್ಲ ಸಹಿಗಳೂ ಮರಾಠಿಯಲ್ಲಿದ್ದವು. ಆ ಹೊತ್ತಿಗೆ ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಬಕೀಟಿನ ಮೇಲಿಂದ ಏಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕ್ರೀಡಾ ಕಚೇರಿಯ ಗುಮಾಸ್ತ ಬಾಬಾಸಾಹೇಬ. ಮರಾಠಿಯಲ್ಲಿ ಸಿಹಿಸುದ್ದಿ ಹೇಳುವವನಂತೆ ಹೇಳಿದ: “ಸರ್, ಹೊಸ ಸಾಹೇಬರು ಬಂದಿದ್ದಾರೆ. ಬಾಕಿ ಅರ್ಜಿಗಳನ್ನೆಲ್ಲ ಇವತ್ತೇ ಮುಗಿಸುತ್ತಾರಂತೆ. ನಿಮ್ಮದನ್ನು ನಾನೇ ಮೇಲೆ ಇಟ್ಟಿದ್ದೇನೆ. ಐದು ಗಂಟೆಯೊಳಗೆ ತೀರ್ಮಾನ.”

“ಕೆಳಗೆ ಇಡಲಿಕ್ಕೆ ಬರುವುದಿಲ್ಲವೇ?” ಎಂದು ಕೇಳಿದ ವಿಜಯಕುಮಾರ.

“ನಿಮ್ಮ ಸಂಕೋಚ ನನಗೆ ಗೊತ್ತು ಸರ್,” ಎಂದು ಬಾಬಾಸಾಹೇಬ ನಕ್ಕು ಫೋನಿಟ್ಟ.

ಸದ್ದಿಲ್ಲದೆ ಸಿಟಿ ಬಸ್ಸು ಹತ್ತಿ ಸಾಂಗಲಿಗೆ ಹೋಗಿ, ಕೈಕಾಲು ಹಿಡಿದಾದರೂ ಅರ್ಜಿ ವಾಪಸು ತರುವುದೆಂದು ಅವನು ನಿಶ್ಚಯಿಸಿದ. ಹತ್ತು ಹೆಜ್ಜೆ ಇಡುವುದರೊಳಗೆ ಸಿದ್ರಾಮಪ್ಪ ಹಿಂದಿನಿಂದ ಅಂಗಿಯ ಕಾಲರ್ ಹಿಡಿದರು.

“ಎಲ್ಲಿ ಹೊಂಟ್ರಿ?”

“ಇಲ್ಲೇ, ಸಾಂಗಲಿಗಿ, ಕಾಕಾ. ಹಲ್ಲಿನ ಡಾಕ್ಟರ್ ಕಡೆ.”

“ಬಾಬಾಸಾಹೇಬ ನನಗೂ ಫೋನ್ ಮಾಡಿದ್ದ. ಅರ್ಜಿ ಇವತ್ತ ಮಂಜೂರ ಆಗೂದೈತಂತ. ಮೊದಲ ಸಹಿ ಯಾರದು? ನನ್ನ ಬಿಟ್ಟು ಒಬ್ಬರ ಹೋಗಿ ಹಾರ ಹಾಕಿಸ್ಕೊಳ್ಳವರೇನು?”

ವಿಜಯಕುಮಾರ ಧೈರ್ಯ ಮಾಡಿದ. “ಕಾಕಾ, ಒಂದ ಮಾತು. ಆ ಅರ್ಜಿ ಹಿಂದಕ ತಗೊಂಡ್ರ ಹ್ಯಾಂಗ?”

ಸಿದ್ರಾಮಪ್ಪನವರ ಮುಖ ಹುಳಿಬಂದ ಬೆಲ್ಲದಂತಾಯಿತು. “ಅಂದ್ರ? ಆ ಇಂಗ್ಲಿಷ್ ಸಾಲಿಯವ್ರು ನಿಮಗ ಏನರ ಆಸೆ ತೋರ್ಸ್ಯಾರೇನು? ನೌಕರಿ ಕೊಡ್ತೇವಂದ್ರೇನು?”

“ಅಲ್ಲಲ್ಲ, ಸುಮ್ಮ ಕೇಳ್ದೆ.”

“ಅರವತ್ತೆರಡು ಮಂದಿ ಸಹಿ ಮಾಡ್ಯಾರ ಮಾಸ್ತರ್ರ. ಹಿಂದಕ ತಗೊಂಡ್ರಂದ್ರ ನಾಳೆ ಪೇಟ್ಯಾಗ ನಿಮಗ ಯಾರೂ ಒಂದು ಚಾ ಸೈತ ಕೊಡೂದಿಲ್ಲ. ನಾ ಕೊಡಗೊಡೂದಿಲ್ಲ.”

ಹತ್ತೇ ನಿಮಿಷದಲ್ಲಿ ಬೆಲ್ಲದ ಟೆಂಪೊ ಬಂತು. ಹಿಂದೆ ಹನ್ನೊಂದೂ ಹುಡುಗಿಯರು ಕೆಸರು ಸಮೇತ ಹತ್ತಿದರು. ಸಾಹೇಬರು ಕಣ್ಣಾರೆ ನೋಡಲಿ ಎಂದು ಸಿದ್ರಾಮಪ್ಪನವರೇ ಮುಖ ತೊಳೆಯಗೊಟ್ಟಿರಲಿಲ್ಲ. ಅವರ ಹೆಂಡತಿ ಸರುಬಾಯಿ ದೊಡ್ಡ ಡಬ್ಬಿ ತುಂಬ ಭಡಂಗ ತಂದು ಮುಂದೆ ಕೂತ ಮಾಸ್ತರನ ತೊಡೆಯ ಮೇಲಿಟ್ಟಳು.

“ಎಲ್ಲಾರಿಗೂ ಹಂಚರಿ. ನೀವೂ ತಿನ್ರಿ ಸರ, ಬಾಳ ಸೊರಗೀರಿ. ಆ ಖಾರ ಚುರಮುರಿ ತಿಂದ್ರ ಹಲ್ಲುನೋವು ತಾನ ಹೋಗ್ತೈತಿ.”

ಮಿರಜದಿಂದ ಸಾಂಗಲಿಗೆ ದಾರಿ ಎಷ್ಟು ಮಹಾ. ಆದರೆ ವಿಶ್ರಾಮಬಾಗದಲ್ಲಿ ಸಿದ್ರಾಮಪ್ಪ ಹಾರ ಕೊಳ್ಳಲು ಇಳಿದರು. ಹೂವಿನವನಿಗೆ ಅರ್ಜಿಯ ಕತೆ ಹೇಳಿದರು. ಮುಂದಿನ ಚೌಕದಲ್ಲಿ ಚಾ ಕುಡಿಯಲು ಇಳಿದು ಚಾದವನಿಗೂ ಹೇಳಿದರು. ವಿಜಯಕುಮಾರ ಗಡಿಯಾರ ನೋಡಿಕೊಂಡು, ಐದು ಹೊಡೆದರೆ ಕೆಟ್ಟೆ, ಕಾಕಾ ಜೊತೆಗಿರುವಾಗ ಹೊಡೆಯುವ ಮೊದಲೇ ಮುಟ್ಟಿದರೂ ಕೆಟ್ಟೆ ಎಂದು ತಳಮಳಿಸಿದ. ಹಿಂದಿನಿಂದ ಶೀತಲ ಕಿಟಕಿಗೆ ಮುಖ ಹಚ್ಚಿ ಕೇಳಿದಳು, “ಸರ, ಫೈನಲ್ ಐತವಾರ ಹೌದಲ್ರಿ? ಅಪ್ಪಗ ಫೋನ್ ಮಾಡಿ ಹೇಳಿದೆ. ಹೊಸ ಪಟಕಾ ಸುತ್ಕೊಂಡು ಬರ್ತೇನಂದ.”

ವಿಜಯಕುಮಾರ ಬಾಯಿ ತುಂಬ ಭಡಂಗ ಹಾಕಿಕೊಂಡು ಉತ್ತರ ತಪ್ಪಿಸಿದ.

ಕಚೇರಿಯ ಅಂಗಳ ರಾಡಿಯಾಗಿತ್ತು. ಆ ರಾಡಿಯಲ್ಲಿ ಬಿಳಿ ಕಾರೊಂದು ನಿಂತಿತ್ತು. ಅದು ಖಾಸಗಿ ಶಾಲೆಯ ಕೋಚ್ ಓಂಕಾರನದು.

ಒಳಗೆ ಓಂಕಾರ ಆಗಲೇ ಸಾಹೇಬರ ಎದುರು ಕೂತಿದ್ದ. ಸಾಹೇಬರು ವಿದರ್ಭದ ಕಡೆಯವರು, ಸಣಕಲು ಆಳು, ಮೇಜಿನ ಮೇಲೆ ಕಾಗದದ ಗುಡ್ಡೆ. ಪಕ್ಕದಲ್ಲಿ ಗಾಜಿನ ಗುಂಡಿನ ಕೆಳಗೆ ಮಡಿಚಿದ ಒಂದು ಪತ್ರ. ಎಲ್ಲ ಮಾತೂ ಮರಾಠಿಯಲ್ಲಿ ನಡೆಯಿತು.

“ಇವರು ದೂರು ತಂದಿದ್ದಾರೆ,” ಎಂದರು ಸಾಹೇಬರು. “ಇವರ ಹುಡುಗಿಯರಿಗೆ ಟರ್ಫ್ ಮೇಲೆ ರೂಢಿ, ನೀವು ಕೆಸರಲ್ಲಿ ಆಡಿಸಿದಿರಂತೆ. ಅದು ಅನ್ಯಾಯವಂತೆ.”

“ಅವರ ಗೋಲ್‌ಕೀಪರ್ ದಿನಾ ಟಗರು ತಡೆಯುತ್ತಾಳೆ ಸಾಹೇಬ,” ಎಂದ ಓಂಕಾರ. “ನಮ್ಮ ಹುಡುಗಿಯರಿಗೆ ಆ ಸೌಲಭ್ಯ ಎಲ್ಲಿದೆ?”

“ಕೆಸರು ಇಬ್ಬರಿಗೂ ಕೆಸರೇ. ಈ ದೂರನ್ನು ಹಿಂದಕ್ಕೆ ಕಳಿಸುವವನಿದ್ದೆ,” ಎಂದ ಸಾಹೇಬರು ಗುಡ್ಡೆಯ ಮೇಲಿನ ಎರಡು ಪುಟ ಎತ್ತಿಕೊಂಡರು. “ಅಷ್ಟರಲ್ಲಿ ನಿಮ್ಮದೂ ಒಂದಿದೆ ಎಂದು ಬಾಬಾಸಾಹೇಬ ಹೇಳಿದ. ಖಾಸಗಿ, ಸರಕಾರಿ, ನ್ಯಾಯ, ಏನೋ ಇದೆಯಂತೆ. ಇಡೀ ಕಚೇರಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ. ನೀವೇ ಓದಿ, ಮರಾಠಿಯಲ್ಲಿ ಹೇಳಿ.”

ವಿಜಯಕುಮಾರ ಕಾಗದ ಕೈಗೆ ತೆಗೆದುಕೊಂಡ. ಅವನ ಸ್ವಂತ ಅಕ್ಷರಗಳು ಅವನನ್ನೇ ನೋಡಿ ಹಲ್ಲು ಕಿರಿದವು. ರದ್ದುಮಾಡಬೇಕು ಎಂಬ ಮಾತಿನ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಹಿಂದೆ ಸಿದ್ರಾಮಪ್ಪ ಹಾರ ಹಿಡಿದು ನಿಂತಿದ್ದರು. ಮುಚ್ಚಿದ ಬಾಗಿಲ ಗಾಜಿನಾಚೆ ಹನ್ನೊಂದು ಕೆಸರು ಮುಖಗಳು. ಸುಳ್ಳು ಓದಿದರೆ ಕಾಕಾ ಅಲ್ಲೇ ಹಿಡಿಯುತ್ತಾರೆ, ಖರೆ ಓದಿದರೆ ಸೋಮವಾರದಿಂದ ಶೀತಲ ಕುರಿ ಹಿಂದೆ.

ಅವನು ಗಂಟಲು ಸರಿಮಾಡಿಕೊಂಡು, ಕಾಗದದಿಂದ ಕಣ್ಣೆತ್ತದೆ ಓದತೊಡಗಿದ.

“ಮಾನ್ಯರೇ. ಖಾಸಗಿ ಶಾಲೆ, ಸರಕಾರಿ ಶಾಲೆ ಎಂಬ ಭೇದ ಇರಬಾರದು. ಎಲ್ಲ ಮಕ್ಕಳೂ ಒಟ್ಟಿಗೇ ಆಡಬೇಕು. ನಡೆದ ಪಂದ್ಯ ನಡೆದಂತೆಯೇ ಇರಬೇಕು.”

ಓರೆಗಣ್ಣಲ್ಲಿ ನೋಡಿದ. ಸಿದ್ರಾಮಪ್ಪ ಕಣ್ಣು ಮುಚ್ಚಿ, ಒಂದೊಂದು ಮಾತಿಗೂ ತಲೆದೂಗುತ್ತಿದ್ದರು.

ವಿಜಯಕುಮಾರನಿಗೆ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ. ಎರಡನೇ ಪುಟ ಇನ್ನೂ ಬಾಕಿ ಇತ್ತು, ಖಾಲಿ ಬಿಡುವುದು ಹೇಗೆ. “ಇದಲ್ಲದೆ,” ಎಂದು ದನಿ ಏರಿಸಿದ, “ಎಲ್ಲರಿಗೂ ಒಂದೇ ಸೌಲಭ್ಯ ಸಿಗಬೇಕು. ಖಾಸಗಿ ಶಾಲೆಯ ಟರ್ಫ್ ಮೈದಾನದಲ್ಲಿ ಆಡುವ ಭಾಗ್ಯ ನಮ್ಮ ಬಡ ಹುಡುಗಿಯರಿಗೂ ಬರಬೇಕು. ಇಂತಿ, ಅರವತ್ತೆರಡು ಸಹಿಗಳು.”

ಸಾಹೇಬರು ಗಾಜಿನ ಗುಂಡು ಸರಿಸಿ ಮಡಿಚಿದ ಪತ್ರ ಬಿಡಿಸಿದರು.

“ವಿಚಿತ್ರ. ನೀವು ಬೇರೆ ಗುಂಪು ಕೇಳಿದ್ದೀರಿ ಎಂದುಕೊಂಡಿದ್ದೆ. ನಿನ್ನೆ ಮೇಲಿನಿಂದ ಈ ಪತ್ರ ಬಂದಿದೆ. ಯಾವ ಸರಕಾರಿ ಶಾಲೆ ಲಿಖಿತವಾಗಿ ಬೇರೆ ಗುಂಪು ಕೇಳುತ್ತದೋ ಅದರ ತಂಡವನ್ನು ನೇರವಾಗಿ ಕೊಲ್ಹಾಪುರದ ವಿಭಾಗ ಮಟ್ಟಕ್ಕೆ ಕಳಿಸಬೇಕು. ಸೆಮಿಫೈನಲ್ಲೂ ಬೇಡ, ಫೈನಲ್ಲೂ ಬೇಡ. ಇವತ್ತೇ ಕೊನೆಯ ದಿನ. ಈ ವಿಷಯಕ್ಕೆ ಇಡೀ ಜಿಲ್ಲೆಯಿಂದ ಬಂದದ್ದು ಇದೊಂದೇ ಅರ್ಜಿ.”

ವಿಜಯಕುಮಾರ ಕಾಗದವನ್ನು ಮತ್ತೆ ಕಣ್ಣಿಗೆ ಹಿಡಿದ. “ಸಾಹೇಬ, ಕನ್ನಡ ಸ್ವಲ್ಪ ಕಠಿಣ ಭಾಷೆ. ಅವಸರದಲ್ಲಿ ಒಂದೆರಡು ಸಾಲು ಬಿಟ್ಟೆನೋ ಏನೋ. ಇನ್ನೊಮ್ಮೆ ಓದಲೇ?”

“ಏನೂ ಬಿಟ್ಟಿಲ್ಲ ಸಾಹೇಬ,” ಎಂದು ಸಿದ್ರಾಮಪ್ಪ ಮುಂದೆ ಬಂದರು. ಎದೆ ಒಂದು ಗೇಣು ಉಬ್ಬಿತ್ತು. “ಮೊದಲ ಸಹಿ ನನ್ನದು. ಒಂದೊಂದು ಅಕ್ಷರ ಓದಿಯೇ ಸಹಿ ಮಾಡಿದವನು. ಅರ್ಜಿಯಲ್ಲಿ ಏನಿದೆಯೋ ಅದನ್ನೇ ಮಾಸ್ತರರು ಓದಿದ್ದಾರೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ.”

“ಆದರೂ ಕಾಕಾ—”

“ವಿನಯ, ಸಾಹೇಬ, ಬಹಳ ವಿನಯ ಇವರದು,” ಎಂದರು ಸಿದ್ರಾಮಪ್ಪ.

ಸಾಹೇಬರು ಮೆಚ್ಚಿ ಪೆನ್ನು ತೆಗೆದರು. “ನನ್ನ ಸೇವೆಯಲ್ಲಿ ಇಷ್ಟು ನಿಸ್ವಾರ್ಥ ಅರ್ಜಿ ನೋಡಿಲ್ಲ. ಇವರೂ ಟರ್ಫ್ ಕೇಳುತ್ತಾರೆ, ನೀವೂ ಟರ್ಫ್ ಕೇಳುತ್ತೀರಿ. ಹಾಗಾದರೆ ತೊಂದರೆ ಏನು? ಸೆಮಿಫೈನಲ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮತ್ತೊಮ್ಮೆ, ಅವರ ಟರ್ಫ್ ಮೇಲೆ. ಇಬ್ಬರ ಅರ್ಜಿಯೂ ಮಂಜೂರು.”

“ನಡೆದ ಪಂದ್ಯ ನಡೆದಂತೆ ಇರಬೇಕು ಅಂತಲೂ ಇತ್ತಲ್ಲ ಸಾಹೇಬ,” ಎಂದು ವಿಜಯಕುಮಾರ ಕ್ಷೀಣವಾಗಿ ಹೇಳಿದ.

“ಎಲ್ಲವನ್ನೂ ಕೊಡಲಿಕ್ಕಾಗುವುದಿಲ್ಲ,” ಎಂದು ಸಾಹೇಬರು ಸಹಿ ಹಾಕಿದರು. ಬಾಬಾಸಾಹೇಬ ಎರಡೂ ಕೈಯಿಂದ ಠಪ್ಪೆಂದು ಶಿಕ್ಕಾ ಒತ್ತಿದ. ಓಂಕಾರ ಎದ್ದು ಬಂದು ವಿಜಯಕುಮಾರನ ಕೈ ಕುಲುಕಿದ. ಸಿದ್ರಾಮಪ್ಪ ಹಾರ ಹಾಕಿಯೇಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ, ಹಾರದೊಳಗಿನಿಂದ ವಿಜಯಕುಮಾರ ಮೆಲ್ಲಗೆ ಕೇಳಿದ, “ಕಾಕಾ, ಖರೇ ಹೇಳ್ರಿ. ನಿಮಗ ಕನ್ನಡ ಓದಾಕ ಬರತೈತೇನು?”

ಸಿದ್ರಾಮಪ್ಪ ಅತ್ತಿತ್ತ ನೋಡಿದರು. “ಮಾತಾಡಾಕ ಬರತೈತಲ್ರಿ. ನಾ ಕಲ್ತದ್ದು ಮರಾಠಿ ಸಾಲ್ಯಾಗ. ಉಳಿದ ಅರವತ್ತೊಂದು ಮಂದೀನೂ ಅಲ್ಲೇ.” ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. “ಖರೇ ಅಂದ್ರ ಅದರಾಗ ಏನೈತಿ ಅಂತ ನನಗೂ ಇವತ್ತ ಗೊತ್ತಾತು. ಛಲೋ ಬರದೀರಿ.”

ಅಂಗಳದಲ್ಲಿ ಓಂಕಾರನ ಬಿಳಿ ಕಾರು ರಾಡಿಯಲ್ಲಿ ಹೂತು ಚಕ್ರ ಗರಗರ ಸುತ್ತುತ್ತಿತ್ತು. ನಾಳೆಯ ಸುದ್ದಿ ಇನ್ನೂ ತಿಳಿಯದ ಹುಡುಗಿಯರು ನಗುತ್ತಾ ಓಡಿ ಹೋಗಿ ಹಿಂದಿನಿಂದ ಕೈ ಹಚ್ಚಿದರು. ಶೀತಲ ಭುಜ ಕೊಟ್ಟು ಒಂದೇ ನೂಕು ನೂಕಿದಳು. ಕಾರು ಹೊರಗೆ ಹಾರಿತು, ಮತ್ತು ಚಕ್ರ ಎರಚಿದ ಕೆಸರೆಲ್ಲ ಬಂದು ವಿಜಯಕುಮಾರನ ಹಾರದ ಮೇಲೆ ಕೂತಿತು.