ಎನೇಬಲ್ ಆಗದ ಕಾರ್ಡು

ಎಲ್ಲವನ್ನೂ ಸಾಧ್ಯ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಸಿಕ್ಕು, ಏನೂ ಸಾಧ್ಯವಾಗದೆ ಒದ್ದಾಡುವುದು ನನಗೆ ಹೊಸದಲ್ಲ. ಪುಣೆಗೆ ಬಂದ ಮೇಲಂತೂ ಅಭ್ಯಾಸವಾಗಿಬಿಟ್ಟಿದೆ.

೧. ಫೋನಿನ ಬೀಗ

ತೊಂಬತ್ತರ ದಶಕದಲ್ಲಿ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ನಾವು ಊರಿಗೆ ಫೋನ್ ಮಾಡಬಾರದೆಂದು ಮಾಲೀಕರು ಡಯಲಿಗೆ ಸಣ್ಣ ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ನಾವೇನು ಕಡಿಮೆ? ರಿಸೀವರ್ ಇಡುವ ಗುಂಡಿಯನ್ನೇ ಟಕಟಕ ಒತ್ತಿ ನಂಬರು ಹಚ್ಚುತ್ತಿದ್ದೆವು.

ಒಂದು ದಿನ ಮಾಲೀಕರು ಉಡದಾರ ಬದಲಿಸುವಾಗ ಕೀಲಿಯನ್ನು ಮನೆಯಲ್ಲೇ ಮರೆತು ಬಂದರು. ಮಾಲು ತುಂಬಿದ ಲಾರಿ ಪುಣೆಗೆ ಬರುವ ದಾರಿಯ ಶಿರೂರಿನಲ್ಲಿ ಕೆಟ್ಟು ನಿಂತಿತ್ತು. ಹತ್ತು ನಿಮಿಷ ಬೀಗದ ಜೊತೆ ಗುದ್ದಾಡಿ, ಕಡೆಗೆ ನನ್ನ ಮುಖ ನೋಡದೆ ಹೇಳಿದರು: "ದಿನಾ ಹಚ್ಚತೀರಲ್ಲ, ಹಂಗ ಹಚ್ಚರಿ."

೨. ಸಾಹೇಬರ ಭಾಷಣ

ಕೆಲವು ವರ್ಷಗಳ ಮೇಲೆ ಪುಣೆಯದೇ ಬಡಾವಣೆಯಾದ ಖರಾಡಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಏನು ಕೇಳಿದರೂ ಒಂದೇ ಉತ್ತರ: "ಎನೇಬಲ್ ಮಾಡಿಸ್ಕೊಳ್ಳಿ." ಬೆಂಗಳೂರು ಕಡೆಯ ನಮ್ಮ ಸಾಹೇಬರು ಆ ಶಬ್ದದ ಮೇಲೆ ಒಂದು ತಾಸು ಮಾತಾಡಿದರು. "ಎನೇಬಲ್ ಅಂದ್ರೆ, ನಿಮ್ಮ ಕೈಲಿ ಆಗದೇ ಇರೋದನ್ನ ಆಗೋ ಹಾಗೆ ಮಾಡ್ಕೊಡೋದು. ನಾನಿರೋದೇ ಅದಕ್ಕೆ."

ನನಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಹಂಗಾದ್ರ ಏಸಿ ಸ್ವಲ್ಪ ಕಡಿಮಿ ಮಾಡ್ತೀರೇನ್ರಿ? ಥಂಡಿ ಭಾಳ ಅದ" ಎಂದೆ.

"ಅದಕ್ಕೆ ಬೇರೆ ಡಿಪಾರ್ಟ್‌ಮೆಂಟ್ ಇದೆ" ಎಂದರು.

೩. ಮೂರನೇ ಮಹಡಿ

ನನ್ನ ನೌಕರಿ ಕಾಯಂ ಆಗಬೇಕಾದ ದಿನ. ಐದರೊಳಗೆ ಸಾಹೇಬರ ಸಹಿ ಬೀಳದಿದ್ದರೆ ಇನ್ನೂ ಆರು ತಿಂಗಳು ಹಂಗಾಮಿ. ಹೆಂಡತಿ ಆಗಲೇ ಓಣಿಗೆಲ್ಲ ಸುದ್ದಿ ಹೇಳಿ ಮುಗಿಸಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಾಗದ ಮೂರನೇ ಮಹಡಿಯಲ್ಲಿ ಸಾಹೇಬರ ಮೇಜಿನ ಮೇಲಿತ್ತು. ಅಂದು ಬೆಳಿಗ್ಗೆ ಎಲ್ಲರಿಗೂ ಹೊಸ ಕಾರ್ಡು ಹಂಚಿ, ಮಧ್ಯಾಹ್ನಕ್ಕೆ ಹಳೆಯವನ್ನು ಬಂದ್ ಮಾಡಿದ್ದರು. ನನ್ನ ಕಾರ್ಡು ತೋರಿಸಿದರೆ ಬಾಗಿಲಿನಲ್ಲಿ ಕೆಂಪು ದೀಪ. ಎನೇಬಲ್ ಮಾಡಿಸುವ ಅರ್ಜಿ ಕೊಡಬೇಕಾದದ್ದೂ ಆ ಬಾಗಿಲಿನ ಒಳಗೇ. ನಾಲ್ಕೂವರೆಗೆ, ಊಟಕ್ಕೆಂದು ಹೊರಗೆ ಹೋಗಿದ್ದ ಸಾಹೇಬರೇ ಲಿಫ್ಟಿನಿಂದ ಬಂದರು. ಹೋದ ಜೀವ ಬಂತು. ಅವರೂ ಕಾರ್ಡು ತೋರಿಸಿದರು. ಕೆಂಪು ದೀಪ.

"ನಿಮ್ದು ಯಾರು ಎನೇಬಲ್ ಮಾಡಬೇಕ್ರಿ?" ಎಂದೆ.

"ನಾನೇ," ಎಂದರು, "ಒಳಗಿನ ಕಂಪ್ಯೂಟರಿಂದ."

ಬಾಗಿಲು ಬಡಿದರೆ ಒಳಗಿನವರಿಗೆ ಕೇಳಿಸಲಿಲ್ಲ; ಇಬ್ಬರೂ ಗೋಡೆಗೆ ಒರಗಿ ನಿಂತೆವು. ಐದಕ್ಕೆ ಹತ್ತು ನಿಮಿಷವಿದ್ದಾಗ ಕಲಬುರಗಿ ಕಡೆಯ ನಮ್ಮ ಚಹಾದವನು ಕೆಟಲು ಹಿಡಿದು ಬಂದು ತನ್ನ ಕಾರ್ಡು ತೋರಿಸಿದ. ಹಸಿರು ದೀಪ.

"ಬರ್ರಿ, ಇಬ್ರೂ ಬರ್ರಿ. ಚಹಾ ಆರತದ."

ಐದಕ್ಕೆ ಎರಡು ನಿಮಿಷವಿರುವಾಗ ನಾನು ಕಾಯಂ ಆದೆ. ಸಹಿ ಹಾಕಿ ಪೆನ್ನು ಮುಚ್ಚಿದ ಸಾಹೇಬರು ಅವನನ್ನು ದಿಟ್ಟಿಸಿ ಕೇಳಿದರು: "ನಿನ್ನ ಕಾರ್ಡ್ ಯಾರಪ್ಪ ಎನೇಬಲ್ ಮಾಡಿದ್ದು?"

"ನೀವರೀ ಸಾಹೇಬ್ರ," ಎಂದ ಅವನು ಕಪ್ಪಿಗೆ ಚಹಾ ಸುರಿಯುತ್ತ. "ಮುಂಜಾನೆ ಎಲ್ಲಾರಕಿಂತ ಮೊದ್ಲ ನಂದ ಮಾಡಿದ್ರಿ, ಚಹಾ ತಡಾ ಆಗಬಾರದು ಅಂತ."